ಸಂಪರ್ಕ ಸಿಕ್ಕಿತು, ಹೊಗೆ ನಿಂತಿತೇ?

ಹಳ್ಳಿಯ ಅಡುಗೆಮನೆಯಿಂದ ಹೊಗೆಯನ್ನು ಹೊರಹಾಕಲು ನಮ್ಮ ಸರ್ಕಾರಗಳು ನಾಲ್ಕು ದಶಕಗಳಿಂದ ಹಣ ಖರ್ಚು ಮಾಡುತ್ತಿವೆ. ಆದರೆ ಲೆಕ್ಕ ಇಟ್ಟದ್ದು ಕಟ್ಟಿಸಿದ ಒಲೆಗಳಿಗೆ, ಹಂಚಿದ ಗ್ಯಾಸ್ ಸಂಪರ್ಕಗಳಿಗೆ. ಆ ಮನೆಯ ಹೆಣ್ಣುಮಕ್ಕಳು ಉಸಿರಾಡುವ ಗಾಳಿ ಎಷ್ಟು ಸುಧಾರಿಸಿತು ಎಂಬ ಪ್ರಶ್ನೆ ಹಿಂದೆ ಉಳಿಯಿತು. ಇನ್ನಾದರೂ ಸರ್ಕಾರ ಸಂಪರ್ಕಗಳ ಸಂಖ್ಯೆಯನ್ನು ಸಾಧನೆ ಎನ್ನುವುದನ್ನು ಬಿಟ್ಟು, ಬಡ ಮನೆಯೊಂದು ವರ್ಷವಿಡೀ ಗ್ಯಾಸ್‌ನಲ್ಲೇ ಅಡುಗೆ ಮಾಡಲು ಬೇಕಾದ ಸಿಲಿಂಡರ್‌ಗಳಿಗೆ ಹಣ ಒದಗಿಸಬೇಕು.

ಹಿಂದಿನ ಅನುಭವವೂ ಇದನ್ನೇ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರವು ಒಂದೇ ಉರಿಯಲ್ಲಿ ಮೂರು ಪಾತ್ರೆ ಬೇಯುವ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಕೇಂದ್ರ ಸರ್ಕಾರವೂ 1980ರ ದಶಕದ ಆರಂಭದಿಂದ 2002ರವರೆಗೆ ದೇಶದಾದ್ಯಂತ 3 ಕೋಟಿಗೂ ಹೆಚ್ಚು ಸುಧಾರಿತ ಒಲೆಗಳನ್ನು ಹಂಚಿತು. ತಂತ್ರಜ್ಞಾನ ಒಳ್ಳೆಯದೇ. ಆದರೆ ಮಣ್ಣು ಬಿರಿದಾಗ ಮೆತ್ತುವವರು, ಕೊಳವೆಯಲ್ಲಿ ಕರಿ ಕಟ್ಟಿದಾಗ ತೆಗೆಯುವವರು ಬೇಕಿತ್ತು. ಇಂಥ ಒಲೆಗಳ ಬಗ್ಗೆ ಒಡಿಶಾದಲ್ಲಿ ಹಲವು ವರ್ಷ ನಡೆದ ಅಧ್ಯಯನದಲ್ಲಿ ಮೊದಲ ವರ್ಷ ಹೊಗೆ ಸೇವನೆ ತಗ್ಗಿತು. ದುರಸ್ತಿಯೂ ಬಳಕೆಯೂ ಕುಂದಿದಂತೆ ಆ ಲಾಭ ಕರಗಿಹೋಯಿತು.

ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡಲು 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆ ಇದಕ್ಕಿಂತ ದೊಡ್ಡ ಹೆಜ್ಜೆ. ಈವರೆಗೆ 10 ಕೋಟಿಗೂ ಹೆಚ್ಚು ಸಂಪರ್ಕಗಳನ್ನು ಕೊಡಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಶುದ್ಧ ಇಂಧನ ಬಳಸುವ ಮನೆಗಳು 2015-16ರಲ್ಲಿ ಶೇ 43.8 ಇದ್ದದ್ದು 2019-21ಕ್ಕೆ ಶೇ 58.6ಕ್ಕೆ ಏರಿದವು. ಆದರೆ ಮುಖ್ಯ ಇಂಧನ ಗ್ಯಾಸ್ ಎಂದವರ ಮನೆಯಲ್ಲೂ ಹಂಡೆಗೆ, ರೊಟ್ಟಿಗೆ ಕಟ್ಟಿಗೆ ಉರಿಯುತ್ತಿರಬಹುದು. ನಮ್ಮ ಕೊಪ್ಪಳ ಜಿಲ್ಲೆಯ ಗ್ಯಾಸ್ ಮಾರಾಟದ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಉಜ್ವಲ ಫಲಾನುಭವಿಗಳಲ್ಲಿ ಶೇ 35ರಷ್ಟು ಮಂದಿ ಮೊದಲ ವರ್ಷ ಒಂದೂ ಸಿಲಿಂಡರ್ ತುಂಬಿಸಿರಲಿಲ್ಲ. ನಾಲ್ಕು ಅಥವಾ ಹೆಚ್ಚು ತುಂಬಿಸಿದವರು ಶೇ 7 ಮಾತ್ರ. ದಿನಕ್ಕೆ ಒಂದೆರಡು ಗಂಟೆ ಕಟ್ಟಿಗೆ, ಕುಳ್ಳು ಉರಿದರೂ ಅಡುಗೆಮನೆಯ ಗಾಳಿ ಸುರಕ್ಷಿತವಾಗದು. ಅರ್ಧ ಬಳಕೆಯಿಂದ ಆರೋಗ್ಯಕ್ಕೆ ಅರ್ಧ ಲಾಭವೂ ಸಿಗುವುದಿಲ್ಲ.

ಹಳ್ಳಿಯವರಿಗೆ ಸೌದೆ ಒಲೆಯ ರುಚಿಯೇ ಬೇಕು, ಗ್ಯಾಸ್ ಕೊಟ್ಟರೂ ಬಳಸುವುದಿಲ್ಲ ಎಂಬ ವಾದವಿದೆ. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಸುಮಾರು 3,200 ಗರ್ಭಿಣಿಯರನ್ನು ಒಳಗೊಂಡ ಪ್ರಯೋಗ ಈ ವಾದವನ್ನು ಅಲ್ಲಗಳೆಯುತ್ತದೆ. ಅಲ್ಲಿ ಒಲೆಯ ಜೊತೆಗೆ ಗ್ಯಾಸನ್ನೂ ಉಚಿತವಾಗಿ ಮನೆಗೇ ತಲುಪಿಸಿದಾಗ ಆ ಕುಟುಂಬಗಳು ಕಟ್ಟಿಗೆಯನ್ನು ಬಹುತೇಕ ಬಿಟ್ಟೇಬಿಟ್ಟವು. ತೊಡಕು ರುಚಿಗಿಂತ ಹೆಚ್ಚಾಗಿ ಬೆಲೆಯದು, ಪೂರೈಕೆಯದು. ಅದೇ ಪ್ರಯೋಗದಲ್ಲಿ ಶಿಶುಗಳ ಜನನ ತೂಕ ಗಮನಾರ್ಹವಾಗಿ ಹೆಚ್ಚಲಿಲ್ಲ ಎಂಬುದೂ ನಿಜ, ಅದನ್ನು ಮುಚ್ಚಿಡಬಾರದು. ಗರ್ಭಧಾರಣೆಯ ನಂತರ ಕೆಲವು ತಿಂಗಳು ಸಿಕ್ಕ ಶುದ್ಧ ಇಂಧನದಿಂದ ಪವಾಡ ನಿರೀಕ್ಷಿಸುವಂತಿಲ್ಲ. ಆದರೆ ವರ್ಷಗಟ್ಟಲೆ ಕುಡಿದ ಹೊಗೆ ಶ್ವಾಸಕೋಶವನ್ನು, ಹೃದಯವನ್ನು ಕೆಡಿಸುತ್ತದೆ ಎಂಬುದಕ್ಕೆ ಬೇಕಾದಷ್ಟು ಆಧಾರವಿದೆ.

ಇನ್ನೊಂದು ಆಕ್ಷೇಪ ಖರ್ಚಿನದು: ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚು ಪಾಲು ಆಮದು, ಸಬ್ಸಿಡಿ ಎಲ್ಲಿಯವರೆಗೆ? ಪ್ರಶ್ನೆ ಸರಿಯಾದದ್ದೇ. ಆದರೆ ಸಂಪರ್ಕಕ್ಕೆ ಹಣ ಹಾಕಿ, ಬಳಕೆಗೆ ಹಾಕದಿದ್ದರೆ ಮೊದಲ ಖರ್ಚೂ ವ್ಯರ್ಥ. ಪೂರ್ತಿ ಬೆಲೆ ತೆತ್ತ ಮೇಲೆ ಬ್ಯಾಂಕ್ ಖಾತೆಗೆ ಹಣ ಬರುವ ಪದ್ಧತಿ ಕೂಲಿಯವರಿಗೆ ಒಗ್ಗದು. ರಿಯಾಯಿತಿ ಖರೀದಿಯ ಹೊತ್ತಿಗೇ ಸಿಗಲಿ. ಕೂಲಿ ಇಲ್ಲದ ತಿಂಗಳುಗಳಲ್ಲಿ ಅದು ಹೆಚ್ಚಾಗಲಿ. 5 ಕೆ.ಜಿ. ಸಿಲಿಂಡರ್ ಊರಿನ ಅಂಗಡಿಯಲ್ಲೇ ದೊರೆಯಲಿ. ಸೆಗಣಿ ಇರುವ ಮನೆಗೆ ಗೋಬರ್ ಗ್ಯಾಸ್, ಸ್ನಾನದ ನೀರಿಗೆ ಸೌರ ಹೀಟರ್‌ನಂಥ ದಾರಿಗಳು ಆಮದಿನ ಹೊರೆಯನ್ನೂ ತಗ್ಗಿಸುತ್ತವೆ. ಪ್ರತಿ ತಾಲ್ಲೂಕಿನಲ್ಲಿ ಮನೆಯೊಂದು ವರ್ಷಕ್ಕೆ ಎಷ್ಟು ಸಿಲಿಂಡರ್ ಬಳಸಿತು ಎಂಬ ಅಂಕಿಅಂಶವನ್ನು ಸರ್ಕಾರ ಪ್ರಕಟಿಸಲಿ. ಯೋಜನೆ ಗೆದ್ದಿತೋ ಸೋತಿತೋ ಎಂಬುದನ್ನು ಜನರೇ ಅದರಿಂದ ತೀರ್ಮಾನಿಸಲಿ.