ಎರಡನೆಯ ಕಂಠ ಯಾರದು?

ನಾಸಿಕ-ಪುಣೆ ಹೆದ್ದಾರಿಯ ಸಿನ್ನರಿನಲ್ಲಿ ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿ ಒಲೆಯಾರಿದ ಮೇಲೆ ನಾವು ಕಿವಿಗೊಡುವುದು ಊರಿನ ಯಕ್ಷಗಾನಕ್ಕೆ. ಇಬ್ಬರು ಭಾಗವತರು ಸರದಿಯಿಂದ ಪದವೆತ್ತುವ ದ್ವಂದ್ವ ಹಾಡುಗಾರಿಕೆಯೆಂದರೆ ನಿದ್ರೆಯೂ ದೂರ. ಇವುಗಳಲ್ಲಿ ಹಲವು, ಸಭೆಯಲ್ಲಿ ಕುಳಿತ ಅಭಿಮಾನಿಗಳೇ ಮುದ್ರಿಸಿಕೊಂಡವು. ಚೆಂಡೆಯ ಮಗ್ಗುಲಲ್ಲಿ ಕುಳಿತವನ ಮುದ್ರಿಕೆಯಲ್ಲಿ ಪದದ ಸಾಹಿತ್ಯವೇ ಮುಳುಗಿರುತ್ತದೆ. ಹಿಂದೆ ಕುಳಿತವನದರಲ್ಲಿ ಕಡಲೆ ಮಾರುವವನ ಕೂಗೂ ಸೇರಿರುತ್ತದೆ. (ಊರು ಬಿಟ್ಟವರಿಗೆ ಆ ಕೂಗೂ ಇಂಪೇ.)

ಇದನ್ನು ಕಳ್ಳಮಾಲೆಂದು ಹಳಿಯುವವರಿದ್ದಾರೆ. ನಾವು ಒಪ್ಪೆವು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು, ಆ ಬಳಿಕ ಹುಟ್ಟಿದ ಹುಡುಗರೂ ಇಂದು ಕೇಳುತ್ತಿರುವುದು ಕ್ಯಾಸೆಟ್ಟುಗಳ ದೆಸೆಯಿಂದ. ಸ್ವಂತ ಉಪಯೋಗಕ್ಕೆ ಮುದ್ರಿಸಿಕೊಳ್ಳುವುದನ್ನು ಕೃತಿಸ್ವಾಮ್ಯ ಕಾಯಿದೆಯೂ ತಪ್ಪೆನ್ನದು. ಆದರೆ 1994ರ ತಿದ್ದುಪಡಿಯಿಂದ ಹಾಡುವವರಿಗೂ ಹಕ್ಕು ದೊರೆತಿದೆ. ಒಪ್ಪಿಗೆಯಿಲ್ಲದೆ ಮಾರಿ ಹಣ ಮಾಡುವುದು ಕಲಾವಿದನ ಅನ್ನಕ್ಕೆ ಕೈಹಾಕಿದಂತೆ.

ನಮ್ಮ ತಕರಾರು ಬೇರೆ. ಕೈಯಿಂದ ಕೈಗೆ ದಾಟುವಾಗ ಹೆಸರುಗಳು ಉದುರಿಹೋಗುತ್ತವೆ. ಮೊದಲು ಎತ್ತಿದವರಾರು, ಅನಂತರ ಹಿಡಿದವರಾರು, ಮದ್ದಳೆ ಯಾರದು, ಯಾವ ಊರು, ಯಾವ ವರ್ಷ, ಒಂದೂ ಉಳಿಯದು. ಇಬ್ಬರು ಹಾಡಿದ್ದಕ್ಕೆ ಪ್ರಸಿದ್ಧರೊಬ್ಬರ ಹೆಸರನ್ನಷ್ಟೇ ಅಂಟಿಸಿ ಹಂಚುವುದನ್ನೂ ಕಂಡಿದ್ದೇವೆ. ಜೊತೆಗೆ ಹಾಡಿದ ಇನ್ನೊಬ್ಬರ ಗತಿಯೇನು? ದಿನವಿಡೀ ಬಿಲ್ಲು ಬರೆಯುವ ನಮಗೆ ನಾಲ್ಕು ಸಾಲು ಬರೆದಿಡುವುದು ಭಾರವೇ? ಯಾರ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟಿದೆಯೋ ಅವರು ಬರುವ ರಜೆಯಲ್ಲಿ ಅದನ್ನು ಊರಿಗೆ ಒಯ್ದು, ಆಟ ಕಂಡ ಹಿರಿಯರಿಗೆ ಕೇಳಿಸಲಿ. ಎರಡನೆಯ ಕಂಠ ಯಾರದೆಂದು ವಿಚಾರಿಸಿ ಮೇಲೆ ಬರೆಯಲಿ.