ಕನ್ನಡದ ತಲೆಬರಹಕ್ಕೇ ತಲೆದಂಡವೇ?



ಕಳೆದ ನವೆಂಬರಿನಲ್ಲಿ ನಮ್ಮೂರಿನಲ್ಲೊಂದು ರಾಜ್ಯೋತ್ಸವ ವಿಚಾರ ಸಂಕಿರಣ. ಬಾಗಿಲಿಗೆ ಮಾವಿನ ತೋರಣ, ವೇದಿಕೆಯ ಮೇಲೆ ತಾಯಿ ಭುವನೇಶ್ವರಿಯ ಪಟ, ಬಂದವರೆಲ್ಲರ ಹೆಗಲಿಗೂ ಹಳದಿ ಕೆಂಪು ಶಾಲು. ನಾಡಗೀತೆ ಮುಗಿಯಿತು, ದೀಪ ಬೆಳಗಿದ್ದಾಯಿತು, ಪ್ರೊಜೆಕ್ಟರ್ ಹಚ್ಚಿದರು. ಪರದೆಯ ಮೇಲೆ ಮೊದಲು ಮೂಡಿದ್ದು ಏನು ಗೊತ್ತೇ? ಅಪ್ಪಟ ಇಂಗ್ಲಿಷ್! ಒಂದಲ್ಲ ಎರಡಲ್ಲ, ಹದಿನಾಲ್ಕು ಭಾಷಣಗಳ ಹದಿನಾಲ್ಕು ತಲೆಬರಹಗಳೂ ಇಂಗ್ಲಿಷಿನಲ್ಲಿ. ಒಳಗಿನ ಹೂರಣ ಕನ್ನಡ, ಹಣೆಯ ಮೇಲಿನ ನಾಮ ಮಾತ್ರ ಇಂಗ್ಲಿಷ್. ಸಭೆಯಲ್ಲಿ ಒಬ್ಬನೇ ಒಬ್ಬ ಎದ್ದು ಕೇಳಲಿಲ್ಲ.

ನಾನೂ ಕೇಳಲಿಲ್ಲ. ಕೇಳಲು ನನಗೆ ಬಾಯಿಯೇ ಇರಲಿಲ್ಲ. ಆ ತಲೆಬರಹಗಳನ್ನು ಮಾಡಿಕೊಟ್ಟ ಪಾಪಿ ನಾನೇ!

ನಡೆದದ್ದು ಹೀಗೆ. ಆಮಂತ್ರಣ ಪತ್ರಿಕೆ, ಬ್ಯಾನರ್ ಜೊತೆಗೆ ಪರದೆಯ ಸ್ಲೈಡುಗಳ ಕೆಲಸವೂ ಈಗ ನಮ್ಮಂಥ ಪ್ರೆಸ್ಸಿನವರಿಗೇ ಬರುತ್ತದೆ. ಸ್ಲೈಡುಗಳಿಗೆ ತಾನಾಗಿ ತಲೆಬರಹ ಸೇರಿಸುವ ಒಂದು ಸಾಫ್ಟ್‌ವೇರನ್ನು ಸಂಕಿರಣ ನಡೆಸುವ ಕಚೇರಿಯವರೇ ಕೊಟ್ಟರು. ಭಾಷಣದ ಹೆಸರು, ಭಾಷಣಕಾರರ ಹೆಸರು, ದಿನಾಂಕ, ಇಷ್ಟನ್ನು ಪಟ್ಟಿ ಮಾಡಿ ಕೊಟ್ಟರೆ ಸಾಕು, ಪ್ರತಿ ಭಾಷಣದ ಮುಂದೆ ಅದೇ ಒಂದೊಂದು ಮುಖಪುಟ ಕೂರಿಸುತ್ತದೆ. ಅರ್ಧ ದಿನದ ಕೆಲಸ ಅರ್ಧ ನಿಮಿಷಕ್ಕೆ. ಒಳ್ಳೆಯದೇ, ಯಂತ್ರದ ಮೇಲೆ ನನಗೇನೂ ಹಗೆಯಿಲ್ಲ, ಯಂತ್ರದಿಂದಲೇ ಅನ್ನ ತಿನ್ನುವವನು ನಾನು. ಆದರೆ ಕನ್ನಡದ ಪಟ್ಟಿ ಕೊಟ್ಟಾಗ ಹೊರಬಂದದ್ದನ್ನು ನೋಡಬೇಕಿತ್ತು! ‘ಆಡಳಿತ ಭಾಷೆಯ ಅನುಷ್ಠಾನ’ ಎಂಬುದು ‘ಆಡಳಿತ ಭಾಷೆಯ ಅನುಷ್’ ಎಂದು ಸೀನಿದಂತೆ ನಿಂತು, ಮುಂದೆ ಮೂರು ಚುಕ್ಕಿ. ಎರಡು ಸಾಲಿನ ತಲೆಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕುಕ್ಕರಿಸಿತ್ತು. ಇನ್ನು ಅಕ್ಷರದ ರೂಪ, ನಾನು ಆರಿಸಿದ್ದು ಒಂದು, ಬಂದದ್ದು ಇನ್ನೊಂದು.

ಅಧಿಕಾರಿಗೆ ತೋರಿಸಿದೆ. ಅವರು ಗಡಿಯಾರ ನೋಡಿಕೊಂಡು ಹೇಳಿದರು: “ಕನ್ನಡಕ್ಕೆ ಕಂಪ್ಯೂಟರ್ ಒಗ್ಗಲ್ಲ ಕಣ್ರೀ. ಇಂಗ್ಲಿಷ್‌ನಲ್ಲೇ ಹಾಕಿಬಿಡಿ, ಯಾರು ನೋಡ್ತಾರೆ?” ನಾನು ಹಾಕಿದೆ. ಬಿಲ್ಲನ್ನೂ ತೆಗೆದುಕೊಂಡೆ.

ಕನ್ನಡಕ್ಕೆ ಕಂಪ್ಯೂಟರ್ ಒಗ್ಗುವುದಿಲ್ಲವೇ? ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ರೂಪಿಸಿಕೊಟ್ಟು ದಶಕಗಳೇ ಕಳೆದವು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ‘ತುಂಗ’ ಎಂಬ ಕನ್ನಡ ಅಕ್ಷರ ಜೊತೆಗೇ ಬಂತು. ಒಗ್ಗದಿರುವುದು ಕಂಪ್ಯೂಟರಿಗಲ್ಲ ಸ್ವಾಮಿ, ಕುರ್ಚಿಗೆ!

ಆ ಸೋಲು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಇಂಜಿನಿಯರಿಂಗ್ ಓದಿದ ಅಕ್ಕನ ಮಗನನ್ನು ಕೂರಿಸಿಕೊಂಡು ಪವರ್‌ಪಾಯಿಂಟ್ ಕಡತವನ್ನು ಬಿಚ್ಚಿಸಿದೆ. ಅದೊಂದು ಗಂಟು ಮೂಟೆ ಅಷ್ಟೇ, ಹೆಸರಿನ ಕೊನೆಯಲ್ಲಿ ‘ಜಿಪ್’ ಎಂದು ಬದಲಿಸಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಅಕ್ಷರರೂಪದ ಹೆಸರು ಬರೆಯಲು ಬೇರೆ ಬೇರೆ ಖಾನೆಗಳಿವೆ. ಇಂಗ್ಲಿಷಿನಂಥ ಲಿಪಿಗೆ ಒಂದು, ಚೀನಾ ಜಪಾನಿನವರಿಗೆ ಒಂದು, ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ನಮ್ಮಂಥ ಲಿಪಿಗಳಿಗೆ ಮತ್ತೊಂದು. ಗಮನಿಸಿ, ಮೈಕ್ರೋಸಾಫ್ಟ್‌ನವರು ನಮಗೆ ಖಾನೆ ಇಟ್ಟಿದ್ದಾರೆ! ಅದನ್ನು ತುಂಬದೆ ಬಿಡುವವರು ತಲೆಬರಹದ ಸಾಫ್ಟ್‌ವೇರ್ ಬರೆಯುವವರು. ಇಂಥ ಕೆಲಸಕ್ಕೆ ಹಲವರು ಬಳಸುವ ಪೈಥಾನ್-ಪಿಪಿಟಿಎಕ್ಸ್ ಎಂಬ ಉಚಿತ ಸಾಮಗ್ರಿಯಲ್ಲಿ ಅಕ್ಷರದ ಹೆಸರು ಕೊಟ್ಟರೆ ಅದು ಮೊದಲನೆಯ ಖಾನೆಗೆ ಮಾತ್ರ ಹೋಗುತ್ತದೆ. ನಮ್ಮ ಖಾನೆ ಖಾಲಿ. ಅದನ್ನು ತುಂಬಲು ಬೇಕಾದದ್ದು ಇನ್ನೊಂದೆರಡು ಸಾಲು, ಅಷ್ಟೇ! ಆ ಹುಡುಗ ನನ್ನ ಕಣ್ಣ ಮುಂದೆಯೇ ಬರೆದು ತೋರಿಸಿದ.

‘ಅನುಷ್’ ಎಂದು ಕತ್ತು ಕೊಯ್ದ ಕಥೆ ಇನ್ನೂ ಸೊಗಸಾಗಿದೆ. ಹೆಸರು ಉದ್ದವಾದರೆ ಇಂತಿಷ್ಟು ಅಕ್ಷರಕ್ಕೆ ಕತ್ತರಿಸು ಎಂದು ಆ ಸಾಫ್ಟ್‌ವೇರಿಗೆ ಹೇಳಿಟ್ಟಿದ್ದಾರೆ. ಆದರೆ ಅದು ಎಣಿಸುವುದು ಅಕ್ಷರವನ್ನಲ್ಲ, ಸಂಕೇತವನ್ನು. ‘ಸ್ತ್ರೀ’ ಎಂಬುದು ನಿಮಗೆ ನನಗೆ ಒಂದೇ ಅಕ್ಷರ. ಅದಕ್ಕೆ ಆರು. ‘ರಾಜ್ಯೋತ್ಸವ’ ನಮಗೆ ನಾಲ್ಕು, ಅದಕ್ಕೆ ಹತ್ತು! ಹೀಗೆ ಎಣಿಸಿ ಸಂಯುಕ್ತಾಕ್ಷರದ ನಡುವೆ ಕತ್ತರಿ ಹಾಕಿದರೆ ಅರ್ಧ ಹೆಣ ಉಳಿಯುವುದಿಲ್ಲವೇ?

ಒತ್ತಕ್ಷರದ ಮಾತಿಗೆ ಬನ್ನಿ. ನಮ್ಮಪ್ಪನ ಕಾಲದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ಹೆಚ್ಚು ಓದಿದವರಲ್ಲ. ಆದರೂ ಕನ್ನಡದ ಎರಡು ಸಾಲುಗಳ ನಡುವೆ ಸೀಸದ ಪಟ್ಟಿ ಒಂದು ಹೆಚ್ಚೇ ಇಡಬೇಕು, ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿತ್ತು. ಪವರ್‌ಪಾಯಿಂಟ್ 2013ರಲ್ಲಿ ಬಂದ ಮಾಮೂಲು ವಿನ್ಯಾಸದಲ್ಲಿ ತಲೆಬರಹದ ಸಾಲಿನ ಅಂತರ ನೂರಕ್ಕೆ 90 ಮಾತ್ರ. ಇಂಗ್ಲಿಷಿಗೆ ಅದು ಅಂದ. ಕನ್ನಡಕ್ಕೆ ಉಸಿರುಗಟ್ಟು. ಆ ಅಂಕಿಯನ್ನು ಏರಿಸಿದರೆ ಮುಗಿಯಿತು, ಏರಿಸುವವರು ಯಾರು?

ಬೈಗುಳವನ್ನೆಲ್ಲ ಹೊರಗಿನವರಿಗೇ ಕೊಟ್ಟರೆ ನಾನು ಸುಳ್ಳನಾಗುತ್ತೇನೆ. ಹದಿನಾಲ್ಕರಲ್ಲಿ ಐದು ಹೆಸರು ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾಗಿ ಬಂದಿದ್ದವು. ಆ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರ ಬರಿಯ ವೇಷ, ಒಳಗಿರುವುದು ರೋಮನ್ ಸಂಕೇತ. ಸಾಫ್ಟ್‌ವೇರ್ ಅಕ್ಷರರೂಪ ಬದಲಿಸಿದೊಡನೆ ವೇಷ ಕಳಚಿ, ‘ಕನ್ನಡ’ ಎಂದಿರಬೇಕಾದಲ್ಲಿ ಪಿ, ತಲೆಯ ಮೇಲೆ ಗೀಟೆಳೆದ ಎ, ಇಂಗ್ಲೆಂಡಿನ ಪೌಂಡ್ ಗುರುತು ಹಲ್ಲುಕಿರಿದು ನಿಂತವು. ಇದು ಯಾವ ಕಂಪನಿಯ ತಪ್ಪು? ನುಡಿಯಲ್ಲೇ ಈಗ ಯೂನಿಕೋಡಿನಲ್ಲಿ ಬರೆಯಬಹುದು. ಆದರೂ ಹಳೆಯದನ್ನು ಬಿಡದ ನಮ್ಮ ಡಿ.ಟಿ.ಪಿ. ಅಣ್ಣಂದಿರೇ, ಕಚೇರಿಯ ಬೆರಳಚ್ಚು ಅಕ್ಕಂದಿರೇ, ದಯವಿಟ್ಟು ಬಿಡಿ. ನಾನೂ ಮೊನ್ನೆ ಮೊನ್ನೆಯವರೆಗೆ ಬಿಟ್ಟಿರಲಿಲ್ಲ.

1963ರ ರಾಜಭಾಷಾ ಅಧಿನಿಯಮದ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಸರ್ಕಾರಿ ದುಡ್ಡಿನಲ್ಲಿ ಕೊಳ್ಳುವ ಇಂಥ ಒಂದೊಂದು ಸಾಫ್ಟ್‌ವೇರನ್ನೂ ಕನ್ನಡದಲ್ಲಿ ಓಡಿಸಿ ನೋಡದೆ ಬಿಲ್ಲಿಗೆ ಸಹಿ ಹಾಕಬಾರದು ಎಂದು ಕೇಳುವುದು ಭಿಕ್ಷೆಯೇ? ಪರೀಕ್ಷೆಗೆ ತಜ್ಞರ ಸಮಿತಿ ಬೇಡ. ಸ್ತ್ರೀ, ರಾಜ್ಯೋತ್ಸವ, ಸ್ವಾತಂತ್ರ್ಯ, ಅನುಷ್ಠಾನ, ಈ ನಾಲ್ಕು ಮಾತು ಕೊಟ್ಟು ತಲೆಬರಹ ಮಾಡಿಸಿ. ಒಡೆದರೆ ಮಾರುವವನಿಗೆ ವಾಪಸು ಕಳಿಸಿ. ಖಾಸಗಿ ಕಾಲೇಜಿನ ಮೇಷ್ಟರುಗಳಿಗೂ ಇದೇ ಮಾತು. ಒಳ್ಳೆಯ ಕನ್ನಡ ಅಕ್ಷರ ಇಲ್ಲ ಎಂಬ ನೆಪವೂ ಸಲ್ಲದು: ನೋಟೋ ಸಾನ್ಸ್ ಕನ್ನಡ ಇದೆ, ತಲೆಬರಹಕ್ಕೆಂದೇ ಹೇಳಿ ಮಾಡಿಸಿದಂಥ ದುಂಡು ದುಂಡಾದ ಬಾಲೂ ತಮ್ಮ ಇದೆ, ಎರಡೂ ಪುಕ್ಕಟೆ.

ಆ ನಾಲ್ಕು ಮಾತುಗಳ ಹಾಳೆಯನ್ನು ಅಚ್ಚು ಹಾಕಿ ನಮ್ಮ ಪ್ರೆಸ್ಸಿನ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಬಂದು ಎಷ್ಟು ಬೇಕೋ ಒಯ್ಯಿರಿ, ಕಾಸು ಬೇಡ. ಬರುವ ರಾಜ್ಯೋತ್ಸವಕ್ಕೆ ಅದೇ ಕಚೇರಿಯಿಂದ ಮತ್ತೆ ಕರೆ ಬಂದಿದೆ. ತಲೆಬರಹ ಎಲ್ಲವೂ ಕನ್ನಡದಲ್ಲಿ, ಯಂತ್ರ ಒಲ್ಲೆನೆಂದರೆ ನಾನು ರಾತ್ರಿ ಕೂತು ಒಂದೊಂದಾಗಿ ಕೈಯಿಂದ ಮಾಡಿಕೊಡುತ್ತೇನೆ, ಇಂಗ್ಲಿಷ್ ಬೇಕಾದರೆ ಬೇರೆ ಪ್ರೆಸ್ ನೋಡಿಕೊಳ್ಳಿ ಎಂದು ಹೇಳಿದ್ದೇನೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.