ಕ್ಯಾಶ್ ತುಂಬಿದರೆ ಮೊಬೈಲ್‌ನ ಫೋಟೊ ಹಾಳಾಗುತ್ತವೆಯೇ?

“ಕ್ಯಾಶ್ ತುಂಬಿದರೆ ಹಳೆ ಮಾಹಿತಿ ಹೊಸದರ ಜೊತೆ ಬೆರೆತು ಫೋಟೊ ಹಾಳಾಗುತ್ತವೆ. ಕೂಡಲೇ ಈ ಕ್ಲೀನರ್ ಆ್ಯಪ್ ಹಾಕಿಕೊಳ್ಳಿ.” ಇಂಥ ಫಾರ್ವರ್ಡ್ ನಿಮಗೂ ಬರಬಹುದು. ಹಳೆ ಮಾಹಿತಿ ಬೆರೆಯುವ ಅಪಾಯ ಪೂರ್ತಿ ಕಟ್ಟುಕಥೆಯಲ್ಲ. ಆದರೆ ಅದನ್ನು ತಡೆಯುವುದು ಕ್ಲೀನರ್ ಆ್ಯಪ್ ಅಲ್ಲ.

ಅಪಾಯ ಎಲ್ಲಿದೆ?

ಹೊನ್ನಾವರದ ಮೀನು ಬಂದರಿನಲ್ಲಿ ಬಂಗಡೆಯ ದರವನ್ನು ಬೋರ್ಡ್ ಮೇಲೆ ಬರೆಯುತ್ತಾರೆ ಎಂದುಕೊಳ್ಳಿ. ಕುಮಟಾದ ವ್ಯಾಪಾರಿ ಅದನ್ನು ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕುತ್ತಾನೆ. ಅಷ್ಟರಲ್ಲಿ ಬೋರ್ಡಿನ ದರ ಬದಲಾದರೆ? ಚೀಟಿ ನೋಡಿ ವ್ಯಾಪಾರ ಮಾಡಿದವನಿಗೆ ನಷ್ಟ.

ಮೊಬೈಲ್‌ನಲ್ಲಿ RAM ಆ ಬೋರ್ಡ್ ಇದ್ದಂತೆ, ಪ್ರೊಸೆಸರ್ ಒಳಗಿನ ಕ್ಯಾಶ್ ಜೇಬಿನ ಚೀಟಿಯಂತೆ. ಕ್ಯಾಮೆರಾ, ವೈಫೈ ಮುಂತಾದವು ಪ್ರೊಸೆಸರನ್ನು ಕೇಳದೆ ನೇರವಾಗಿ ಬೋರ್ಡ್ ಮೇಲೆ ಬರೆಯುತ್ತವೆ. ಇದಕ್ಕೆ ಡಿಎಂಎ ಎನ್ನುತ್ತಾರೆ. ಆಗ ಪ್ರೊಸೆಸರ್ ತನ್ನ ಹಳೆ ಚೀಟಿಯನ್ನೇ ಓದಿದರೆ ತಪ್ಪು ಮಾಹಿತಿ ಸಿಗುತ್ತದೆ.

ತಡೆಯುವವರು ಯಾರು?

ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳಲ್ಲಿ ಚೀಟಿ ಮತ್ತು ಬೋರ್ಡ್ ಸಾಮಾನ್ಯವಾಗಿ ಹಾರ್ಡ್‌ವೇರ್‌ನಿಂದಲೇ ತಾಳೆಯಾಗುತ್ತವೆ. ಮೊಬೈಲ್‌ಗಳಲ್ಲಿರುವ ಆರ್ಮ್ ಮಾದರಿಯ ಚಿಪ್‌ಗಳಲ್ಲಿ ಕೆಲವಕ್ಕೆ ಈ ಸೌಲಭ್ಯವಿದೆ, ಕೆಲವಕ್ಕಿಲ್ಲ. ಇಲ್ಲದ ಕಡೆ ಸಾಫ್ಟ್‌ವೇರ್ ನೋಡಿಕೊಳ್ಳಬೇಕು.

ಆಂಡ್ರಾಯ್ಡ್‌ನ ಬುಡದಲ್ಲಿರುವ ಲಿನಕ್ಸ್‌ನಲ್ಲಿ ಇದಕ್ಕೆಂದೇ ‘ಡಿಎಂಎ ಅಲಾಕ್ ಕೊಹೆರೆಂಟ್’ ಎಂಬ ವ್ಯವಸ್ಥೆಯಿದೆ. ಡ್ರೈವರ್ ಇದರ ಮೂಲಕ ಜಾಗ ಕೇಳಿದರೆ, ಪ್ರೊಸೆಸರ್ ಮತ್ತು ಸಾಧನ ಇಬ್ಬರಿಗೂ ಒಂದೇ ಮಾಹಿತಿ ಕಾಣುವ ಜಾಗ ಸಿಗುತ್ತದೆ. ತಾಳೆ ಮಾಡುವ ಹಾರ್ಡ್‌ವೇರ್ ಇಲ್ಲದ ಚಿಪ್‌ನಲ್ಲಿ ಆ ಜಾಗಕ್ಕೆ ಸಾಮಾನ್ಯವಾಗಿ ಚೀಟಿಯೇ ಇರುವುದಿಲ್ಲ, ಪ್ರತಿ ಸಲವೂ ಬೋರ್ಡನ್ನೇ ನೋಡಬೇಕು. ಇದು ನಿಧಾನ. ಹಾಗಾಗಿ ದೊಡ್ಡ ಮಾಹಿತಿಗೆ ಹಲವು ಸಲ ಬೇರೆ ದಾರಿ ಹಿಡಿಯುತ್ತಾರೆ: ಸಾಧನದ ಕೆಲಸ ಮುಗಿದ ಮೇಲೆ ಹಳೆ ಚೀಟಿಯನ್ನು ರದ್ದು ಮಾಡಿ ಹೊಸದಾಗಿ ಓದುತ್ತಾರೆ. ಒಂದೇ ಡ್ರೈವರ್ ಬೇರೆ ಬೇರೆ ಚಿಪ್‌ಗಳಲ್ಲಿ ನಡೆಯುವುದು ಇಂಥ ವ್ಯವಸ್ಥೆಯಿಂದಲೇ.

ಹಾಗಾದರೆ ‘ಕ್ಲಿಯರ್ ಕ್ಯಾಶ್’ ಎಂದರೇನು?

ಹೆಸರು ಒಂದೇ, ವಸ್ತು ಬೇರೆ. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಕ್ಯಾಶ್ ಎಂದರೆ ಆ್ಯಪ್‌ಗಳು ಸ್ಟೋರೇಜ್‌ನಲ್ಲಿ ಇಟ್ಟುಕೊಂಡ ತಾತ್ಕಾಲಿಕ ಫೈಲ್‌ಗಳು. ಅದನ್ನು ಅಳಿಸಿದರೆ ಜಾಗ ಉಳಿಯುತ್ತದೆ, ಅಷ್ಟೇ. ಪ್ರೊಸೆಸರ್‌ನ ಕ್ಯಾಶ್ ತಾಳೆ ಮಾಡುವುದು ಹಾರ್ಡ್‌ವೇರ್, ಕರ್ನಲ್ ಮತ್ತು ಡ್ರೈವರ್‌ಗಳ ಕೆಲಸ. ಅಲ್ಲಿ ದೋಷವಿದ್ದರೆ ಕಂಪನಿಯ ಸಿಸ್ಟಂ ಅಪ್‌ಡೇಟ್‌ನಿಂದಲೇ ಸರಿಯಾಗಬೇಕು.

ನೀವು ಏನು ಮಾಡಬೇಕು?

ಭಟ್ಕಳದ ಗೆಳೆಯರ ಗ್ರೂಪ್ ಇರಲಿ, ಮನೆಯವರ ಗ್ರೂಪ್ ಇರಲಿ, ಅಲ್ಲಿ ಬಂದ ಲಿಂಕ್‌ನಿಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ‘ಕ್ಲೀನರ್’ ಎಂದು ಬಂದ ಆ್ಯಪ್‌ಗೆ ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕ್ ಒಟಿಪಿ ಅದರ ಕೈಗೆ ಸಿಗಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಫೋಟೊ ಉಳಿಯಬೇಕೆಂದರೆ ಇನ್ನೊಂದು ಕಡೆ ಒಂದು ಪ್ರತಿ ಇಟ್ಟುಕೊಳ್ಳಿ, ಫೋನ್‌ನ ಸಿಸ್ಟಂ ಅಪ್‌ಡೇಟ್ ಬಂದಾಗ ಮುಂದೂಡಬೇಡಿ.